ಗಾಡಿಯ ಹಿಂಬದಿ ಜಾರಿದಾಗ

2016ರ ನವೆಂಬರ್ 13ರಂದು ಬ್ರೆಜಿಲ್‌ನ ಇಂಟರ್‌ಲಾಗೋಸ್ ಟ್ರ್ಯಾಕ್ ಮೇಲೆ ಮಳೆ ಸುರಿದ ಪರಿಗೆ ಫಾರ್ಮುಲಾ ಒನ್ ರೇಸನ್ನು ಎರಡು ಸಲ ಕೆಂಪು ಬಾವುಟ ತೋರಿಸಿ ನಿಲ್ಲಿಸಬೇಕಾಯಿತು. ರೊಮೆನ್ ಗ್ರೋಜಾನ್ ರೇಸ್ ಶುರುವಾಗುವ ಮೊದಲೇ, ಗ್ರಿಡ್‌ಗೆ ಬರುವ ಹಾದಿಯಲ್ಲೇ ಗೋಡೆಗೆ ಗುದ್ದಿ ಆಟದಿಂದ ಹೊರಬಿದ್ದರು. ವಿಶ್ವ ಚಾಂಪಿಯನ್ ಆಗಿದ್ದ ಕಿಮಿ ರೈಕೊನೆನ್, ತಿರುವೇ ಇಲ್ಲವೆನ್ನಬಹುದಾದ ಮುಖ್ಯ ಹಾದಿಯಲ್ಲಿ ನೀರಿನ ಮೇಲೆ ತೇಲಿಹೋಗಿ ಗೋಡೆಗೆ ಬಡಿದರು. ಸ್ವಲ್ಪ ಹೊತ್ತಿನ ಬಳಿಕ ಅದೇ ಮುಖ್ಯ ಹಾದಿಗೆ ಏರುವಲ್ಲಿ 19 ವರ್ಷದ ಮ್ಯಾಕ್ಸ್ ವರ್ಸ್ಟಾಪೆನ್ ಅವರ ಗಾಡಿಯೂ ಹಿಂಬದಿ ಕಳೆದುಕೊಂಡು ಅಡ್ಡಕ್ಕೆ ತಿರುಗಿತು. ನೋಡುತ್ತಿದ್ದವರೆಲ್ಲ ಇದೂ ಹೋಯಿತು ಅಂದುಕೊಂಡರು. ಗಾಡಿ ತಡೆಗೋಡೆಯ ಹತ್ತಿರಕ್ಕೆ ಹೋಗಿ, ಏನನ್ನೂ ಮುಟ್ಟದೆ, ನೇರವಾಗಿ ಮುಂದೆ ಹೊರಟಿತು. ಅವತ್ತು ಅವರು ಮೂರನೆಯವರಾಗಿ ಮುಗಿಸಿದರು.

ಈ ವಿಡಿಯೊ ನೋಡಿದವರು ಸಾಮಾನ್ಯವಾಗಿ ಮೆಚ್ಚುವುದು ಸ್ಟೀರಿಂಗನ್ನು ಜಾರಿದ ಕಡೆಗೇ ಸರ್ರನೆ ತಿರುಗಿಸಿದ ವೇಗವನ್ನು. ಅದು ಅರ್ಧ ಕೆಲಸ. ಗಾಡಿ ಎಡಕ್ಕೆ ಬೀಸಿ ನಿಂತ ಮೇಲೆ ಬಲಕ್ಕೂ ಬೀಸಲಿಲ್ಲ ಅನ್ನುವುದರಲ್ಲಿ ಉಳಿದರ್ಧ ಇದೆ. ತಿರುಗಿಸಿದ ಸ್ಟೀರಿಂಗನ್ನು ಯಾವ ಗಳಿಗೆಯಲ್ಲಿ, ಎಷ್ಟು ಬೇಗ ವಾಪಸ್ ತರಬೇಕು ಅನ್ನುವುದು ನನ್ನ ಪ್ರಕಾರ ಇಡೀ ವಿದ್ಯೆಯ ತಿರುಳು. ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ರೇಸ್ ಓಡಿಸುವವರಿಗೂ ಮಳೆಗಾಲದಲ್ಲಿ ಘಾಟಿ ಇಳಿಯುವವರಿಗೂ ಕೈಕೊಡುವುದು ಹೆಚ್ಚಾಗಿ ಇದೇ. ಮೊದಲ ಜಾರಿಕೆಯಲ್ಲಿ ಗಾಡಿ ಉಳಿಯುತ್ತದೆ, ಎರಡನೆಯದರಲ್ಲಿ ಹೋಗುತ್ತದೆ.

ಯಾಕೆ ಜಾರುತ್ತದೆ ಅನ್ನುವುದರಿಂದ ಶುರುಮಾಡೋಣ. ಕಾರಿನ ಪ್ರತಿ ಟೈರು ನೆಲವನ್ನು ಮುಟ್ಟುವುದು ಸುಮಾರು ಅಂಗೈ ಅಗಲದಷ್ಟು ಜಾಗದಲ್ಲಿ. ವೇಗ ಹೆಚ್ಚಿಸುವುದು, ಬ್ರೇಕ್ ಹಿಡಿಯುವುದು, ತಿರುಗುವುದು ಎಲ್ಲಕ್ಕೂ ಬೇಕಾದ ಹಿಡಿತ ಅಷ್ಟರಲ್ಲೇ ಹುಟ್ಟಬೇಕು. ಟೈರಿನ ಕೈಯಲ್ಲಿ ನೂರು ರೂಪಾಯಿ ಇದೆ ಅಂದುಕೊಳ್ಳಿ. ಬ್ರೇಕಿಗೆ ಎಂಬತ್ತು ಖರ್ಚಾದರೆ ತಿರುಗುವುದಕ್ಕೆ ಇಪ್ಪತ್ತೇ ಉಳಿಯುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಈ ಲೆಕ್ಕ ಹಾಗೆ ನಡೆಯುವುದಿಲ್ಲ. ಎರಡು ಬಲಗಳು ಒಂದಕ್ಕೊಂದು ಅಡ್ಡಲಾಗಿರುವುದರಿಂದ ವರ್ಗ ಮಾಡಿ ಕೂಡಿಸಬೇಕು, ಆಗ ಇನ್ನೂ ಅರವತ್ತು ಉಳಿಯುತ್ತದೆ. ಬ್ರೇಕನ್ನು ನಿಧಾನಕ್ಕೆ ಬಿಡುತ್ತಾ ತಿರುವಿನೊಳಕ್ಕೆ ನುಗ್ಗುವ ರೇಸ್ ಚಾಲಕರು ಬದುಕುವುದು ಈ ಅರವತ್ತರ ಮೇಲೆ. ಆದರೆ ನೂರಕ್ಕೆ ನೂರೂ ಬ್ರೇಕಿಗೆ ಹಾಕಿ ಚಕ್ರ ಕಚ್ಚಿಕೊಂಡು ನಿಂತಿತೋ, ತಿರುಗಲು ಬಿಡಿಗಾಸೂ ಇಲ್ಲ. ಸ್ಟೀರಿಂಗ್ ಎತ್ತ ತಿರುಗಿಸಿದರೂ ಗಾಡಿ ನೆಟ್ಟಗೆ ಹೋಗುತ್ತದೆ.

ಈ ನೂರು ಕೂಡ ಸ್ಥಿರವಲ್ಲ. ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರಗಳು ಹಗುರಾಗುತ್ತವೆ, ಅವುಗಳ ಹಿಡಿತ ಇಳಿಯುತ್ತದೆ. ಆಕ್ಸಿಲರೇಟರಿನಿಂದ ಥಟ್ಟನೆ ಕಾಲು ತೆಗೆದರೂ ಸಣ್ಣ ಪ್ರಮಾಣದಲ್ಲಿ ಅದೇ ಆಗುತ್ತದೆ. ನಮ್ಮ ರಸ್ತೆಯ ಬಹುಪಾಲು ಚಿಕ್ಕ ಕಾರುಗಳಿಗೆ ಎಂಜಿನ್ ಬಲ ಹೋಗುವುದು ಮುಂದಿನ ಚಕ್ರಗಳಿಗೆ. ಅವು ಮಿತಿ ಮೀರಿದರೆ ಮೊದಲು ಮುಂಬದಿ ಜಾರುತ್ತದೆ, ಅಂದರೆ ಸ್ಟೀರಿಂಗ್ ತಿರುಗಿಸಿದಷ್ಟು ಗಾಡಿ ತಿರುಗುವುದಿಲ್ಲ. ಇದು ಅಂಡರ್‌ಸ್ಟಿಯರ್. ಇಲ್ಲಿ ಎಲ್ಲರ ಕೈಯೂ ತಾನಾಗಿ ಸ್ಟೀರಿಂಗನ್ನು ಇನ್ನಷ್ಟು ತಿರುಗಿಸುತ್ತದೆ. ಮಾಡಬೇಕಾದ್ದು ಅದರ ಉಲ್ಟಾ: ಕಾಲನ್ನು ಸ್ವಲ್ಪ ಸಡಿಲಿಸಿ, ಸ್ಟೀರಿಂಗನ್ನೂ ಸ್ವಲ್ಪ ಹಿಂದಕ್ಕೆ ಬಿಟ್ಟು, ಟೈರು ಮತ್ತೆ ನೆಲ ಕಚ್ಚುವ ತನಕ ಕಾಯಬೇಕು. ಘಾಟಿಯ ಒದ್ದೆ ತಿರುವಿನಲ್ಲಿ ಜೋರಾಗಿ ಹೋಗಿ, ಮಧ್ಯದಲ್ಲಿ ಹೆದರಿ ಕಾಲು ಪೂರ್ತಿ ಎತ್ತಿದವರಿಗೆ ಇನ್ನೊಂದು ಅನುಭವ ಕಾದಿರುತ್ತದೆ. ಮುಂಬದಿ ಏಕಾಏಕಿ ಹಿಡಿತ ಪಡೆಯುತ್ತದೆ, ಹಗುರಾದ ಹಿಂಬದಿ ಹೊರಗೆ ಬೀಸುತ್ತದೆ. ಆಗ ಅದು ಓವರ್‌ಸ್ಟಿಯರ್. ಇನ್ನೂ ಹೆದರಿ ಬ್ರೇಕ್ ತುಳಿದರಂತೂ ಹಿಂಬದಿಗೆ ಉಳಿದಿದ್ದ ಚೂರುಪಾರು ಹಿಡಿತವೂ ಹೋಯಿತು.

ವೇಗದ ಲೆಕ್ಕ ಇನ್ನೂ ನಿಷ್ಠುರ. 50 ಮೀಟರ್ ತ್ರಿಜ್ಯದ ಒಂದು ತಿರುವು ತಗೊಳ್ಳಿ. ಒಣ ಡಾಂಬರಿನ ಘರ್ಷಣೆಯ ಅಂಕ 0.8 ಅಂತ ಹಿಡಿದರೆ ಆ ತಿರುವು ತಾಳುವ ವೇಗ ಗಂಟೆಗೆ ಸುಮಾರು 71 ಕಿ.ಮೀ. ಮಳೆಯಲ್ಲಿ ಅಂಕ 0.5ಕ್ಕೆ ಇಳಿದರೆ 56. ಮೇಲೆ ಕೆಸರು ಹರಡಿ 0.3 ಆದರೆ 44. ತಿರುವು ಅದೇ, ಗಾಡಿ ಅದೇ, ಚಾಲಕನ ಧೈರ್ಯವೂ ಅದೇ. ಬೇಸಿಗೆಯ ಧೂಳು, ಎಣ್ಣೆ, ಟೈರಿನ ಪುಡಿ ಕೂತ ರಸ್ತೆಗೆ ಮೊದಲ ಮಳೆ ಬಿದ್ದ ಹೊತ್ತಿಗಿಂತ ಮೋಸದ ಹೊತ್ತು ಇನ್ನೊಂದಿಲ್ಲ. ನೋಡಲು ಬರೀ ಒದ್ದೆ, ತುಳಿದರೆ ಸಾಬೂನು.

ಇನ್ನು ಕೈಗಳ ಕೆಲಸಕ್ಕೆ ಬರೋಣ. ಹಿಂಬದಿ ಹೊರಗೆ ಬೀಸಿದಾಗ ಸ್ಟೀರಿಂಗನ್ನು ಅದು ಬೀಸಿದ ಕಡೆಗೇ ತಿರುಗಿಸಬೇಕು ಅನ್ನುವುದನ್ನು ಬಹಳ ಜನ ಕೇಳಿರುತ್ತಾರೆ. ಮುಂದಿನ ಚಕ್ರಗಳು ಗಾಡಿ ನಿಜವಾಗಿ ಸಾಗುತ್ತಿರುವ ದಿಕ್ಕಿಗೆ ಮುಖ ಮಾಡಬೇಕು, ಅಷ್ಟೆ. ಗಾಡಿಯೇ ಇದಕ್ಕೆ ಅರ್ಧ ಸಹಾಯ ಮಾಡುತ್ತದೆ. ಮುಂದಿನ ಚಕ್ರಗಳನ್ನು ಜೋಡಿಸಿರುವ ಓರೆಯಿಂದಾಗಿ, ಹಿಂಬದಿ ಜಾರಿದೊಡನೆ ಸ್ಟೀರಿಂಗ್ ತಾನಾಗಿ ಆ ದಿಕ್ಕಿಗೆ ತಿರುಗಲು ನೋಡುತ್ತದೆ. ಡ್ರಿಫ್ಟ್ ಮಾಡುವ ನುರಿತವರು ಸ್ಟೀರಿಂಗನ್ನು ಬೆರಳುಗಳ ನಡುವೆ ಗಿರ್ರನೆ ಓಡಲು ಬಿಟ್ಟು, ಬೇಕಾದಲ್ಲಿ ಹಿಡಿಯುತ್ತಾರೆ. ಗಟ್ಟಿಯಾಗಿ ಮುಷ್ಟಿ ಕಟ್ಟಿದವರು ಈ ಸಹಾಯವನ್ನು ತಾವೇ ತಡೆದಂತಾಗುತ್ತದೆ. ಕಣ್ಣು ಕೂಡ ಹೋಗಬೇಕಾದ ದಾರಿಯ ಮೇಲಿರಬೇಕು, ಗುದ್ದಬಹುದಾದ ಮರದ ಮೇಲಲ್ಲ. ಕೈಗಳು ಕಣ್ಣನ್ನೇ ಹಿಂಬಾಲಿಸುತ್ತವೆ.

ಇಷ್ಟಾದ ಮೇಲೆ ಬರುವುದೇ ಕಷ್ಟದ ಗಳಿಗೆ. ಹೊರಗೆ ಬೀಸುತ್ತಿದ್ದ ಹಿಂಬದಿ ನಿಧಾನವಾಗಿ, ಒಂದು ಕ್ಷಣ ನಿಂತು, ವಾಪಸ್ ಹೊರಡುತ್ತದೆ. ಅದು ಹೊರಟಾಗಲೂ ಸ್ಟೀರಿಂಗ್ ಇನ್ನೂ ತಿರುಗಿಯೇ ಇದ್ದರೆ, ಹಿಂದಿನ ಟೈರುಗಳು ನೆಲ ಕಚ್ಚಿದ ತಕ್ಷಣ ಗಾಡಿ ಆ ತಿರುಗಿದ ಮುಂಚಕ್ರಗಳ ಮಾತು ಕೇಳಿ ಎದುರು ಬದಿಗೆ ಚಿಮ್ಮುತ್ತದೆ. ಈ ಎರಡನೆಯ ಬೀಸು ಮೊದಲನೆಯದಕ್ಕಿಂತ ಜೋರು. ಯಾಕೆಂದರೆ ಮೊದಲ ಸಲ ಅದುಮಿಟ್ಟ ಸಸ್ಪೆನ್ಷನ್ ಬಿಚ್ಚಿಕೊಂಡು ಅದರ ಬಲವೂ ಸೇರಿರುತ್ತದೆ. ಹಾಗಾಗಿ ಹಿಂಬದಿ ನಿಂತ ಕ್ಷಣದಲ್ಲೇ, ಅದು ವಾಪಸ್ ಹೊರಡುವ ಮೊದಲೇ, ಕೈ ಹಿಂದಿರುಗಲು ಶುರುಮಾಡಿರಬೇಕು. ಕಣ್ಣಿಗೆ ಗಾಡಿ ಇನ್ನೂ ಅಡ್ಡವೇ ಕಾಣುತ್ತಿರುತ್ತದೆ, ಬುದ್ಧಿ ಇನ್ನೂ ತಿರುಗಿಸು ಅನ್ನುತ್ತಿರುತ್ತದೆ, ಕೈ ಮಾತ್ರ ಬಿಡಬೇಕು. ಅಮೆರಿಕದ ರೇಸಿಂಗ್ ಶಾಲೆಗಳಲ್ಲಿ ಇದನ್ನು ಮೂರು ಹೆಜ್ಜೆಯಾಗಿ ಹೇಳಿಕೊಡುತ್ತಾರೆ: ತಿದ್ದು, ತಡೆದು ನಿಲ್ಲು, ವಾಪಸ್ ತಾ. ಮೂರನೆಯದನ್ನು ಪುಸ್ತಕದಿಂದ ಕಲಿಯಲಾಗದು, ನೂರಾರು ಸಲ ಗಾಡಿ ತಿರುಗಿಸಿಕೊಂಡೇ ಕಲಿಯಬೇಕು. ನಿಜವಾದ ಕಾರಿನಲ್ಲಿ ನೂರಾರು ಸಲ ಅಂದರೆ ಟೈರಿನ ದುಡ್ಡೇ ಯಾರ ಕೈಗೂ ಎಟಕುವುದಿಲ್ಲ. ಸಿಮ್ಯುಲೇಟರಿನ ಬೆಲೆ ಇರುವುದು ಇಲ್ಲಿ.

ಈ ಆಟಗಳಿಗೂ ಈಗ ಮೂರೂವರೆ ದಶಕಗಳ ವಯಸ್ಸು. ಅಮೆರಿಕದ ಡೇವ್ ಕೇಮರ್ ಮತ್ತು ಅವರ ಪಪೈರಸ್ ಕಂಪನಿ 1989ರಲ್ಲಿ ಇಂಡಿಯಾನಾಪೊಲಿಸ್ ರೇಸನ್ನು ಕಂಪ್ಯೂಟರಿಗೆ ತಂದಾಗ, ಕಾರನ್ನು ಬರೀ ಚಿತ್ರವಾಗಿ ಓಡಿಸದೆ ಭಾರ, ಟೈರು, ಸಸ್ಪೆನ್ಷನ್‌ಗಳ ಗಣಿತವಾಗಿ ಓಡಿಸುವ ದಾರಿ ತೆರೆದರು. ಅದೇ ಕಂಪನಿಯ 1998ರ ಗ್ರ್ಯಾಂಡ್ ಪ್ರಿ ಲೆಜೆಂಡ್ಸ್ 1967ರ ರೇಸ್ ಕಾರುಗಳನ್ನು ಓಡಿಸಲು ಕೊಟ್ಟಿತು. ಗಾಳಿಯಿಂದ ನೆಲಕ್ಕೆ ಒತ್ತುವ ರೆಕ್ಕೆಗಳು ಆ ಕಾರುಗಳಿಗೆ ಇನ್ನೂ ಬಂದಿರಲಿಲ್ಲ. ಟೈರೂ ಇಂದಿನಷ್ಟು ಅಗಲವಲ್ಲ, ಎಂಜಿನ್ ಮಾತ್ರ ದೈತ್ಯ. ಕೊಂಡವರಲ್ಲಿ ಬಹಳಷ್ಟು ಜನ ಮೊದಲ ತಿರುವನ್ನೇ ದಾಟಲಾರದೆ ಸುತ್ತಿ ನಿಂತರು. ಆಟ ಕಷ್ಟ ಅನ್ನುವ ಹೆಸರು ಅದಕ್ಕೆ ಇಂದಿಗೂ ಅಂಟಿಕೊಂಡಿದೆ. ಕೇಮರ್ ಮುಂದೆ ಕಟ್ಟಿದ ಐರೇಸಿಂಗ್ 2008ರಲ್ಲಿ ಬಂತು, ಇಟಲಿಯ ಕುನೋಸ್ ಸಿಮುಲಾಜಿಯೋನಿಯವರ ಅಸೆಟ್ಟೊ ಕೋರ್ಸಾ 2014ರಲ್ಲಿ.

ಇವೆಲ್ಲದರ ಹೃದಯ ಟೈರಿನ ಗಣಿತ. ನೆದರ್‌ಲೆಂಡ್ಸ್‌ನ ಡೆಲ್ಫ್ಟ್ ವಿಶ್ವವಿದ್ಯಾಲಯದ ಹಾನ್ಸ್ ಪಾಸೆಯ್ಕಾ ಮತ್ತು ಸಂಗಡಿಗರು 1980ರ ದಶಕದಲ್ಲಿ ರೂಪಿಸಿದ ಸೂತ್ರಕ್ಕೆ ಮ್ಯಾಜಿಕ್ ಫಾರ್ಮುಲಾ ಅನ್ನುವ ಹೆಸರೇ ನಿಂತಿದೆ. ಟೈರು ಎಷ್ಟು ಓರೆಯಾಗಿ ಉರುಳಿದರೆ ಎಷ್ಟು ಅಡ್ಡಬಲ ಕೊಡುತ್ತದೆ ಅನ್ನುವುದನ್ನು ಅಳತೆಯ ಅಂಕಿಗಳಿಗೆ ಹೊಂದಿಸಿ ಒಂದು ವಕ್ರರೇಖೆಯಾಗಿ ಅದು ಕೊಡುತ್ತದೆ. ಓರೆ ಹೆಚ್ಚಿದಂತೆ ಬಲ ಏರಿ, ಕೆಲವೇ ಡಿಗ್ರಿಗಳಲ್ಲಿ ಶಿಖರ ಮುಟ್ಟಿ, ಆಮೇಲೆ ಇಳಿಯುತ್ತದೆ. ತೊಡಕು ಇರುವುದು ಆ ಇಳಿಜಾರಿನಲ್ಲಿ. ಟೈರು ಪರೀಕ್ಷೆಯ ಯಂತ್ರಗಳಲ್ಲಿ ಶಿಖರದ ತನಕದ ಅಳತೆ ಚೆನ್ನಾಗಿ ಸಿಗುತ್ತದೆ. ಪೂರ್ತಿ ಅಡ್ಡ ಬಿದ್ದು ಹೊಗೆಯಾಡುವ ಟೈರಿನ ಅಳತೆ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಸೂತ್ರ ಬರೆದವರು ಅಲ್ಲಿ ಊಹೆಯ ಮೊರೆ ಹೋಗಬೇಕಾಗುತ್ತದೆ. ಆಟದಲ್ಲಿ ಗಾಡಿ ಮಿತಿಯವರೆಗೂ ನಿಜದಂತಿದ್ದು, ಮಿತಿ ದಾಟಿದ ಕೂಡಲೇ ಮಂಜುಗಡ್ಡೆ ಮೇಲೆ ಬಿದ್ದಂತೆ ಆಗುತ್ತದೆ ಅನ್ನುವ ಹಳೆಯ ದೂರಿಗೆ ಇದು ಒಂದು ಮುಖ್ಯ ಕಾರಣ. ಜಾರಿಕೆ ಹಿಡಿಯುವ ಅಭ್ಯಾಸಕ್ಕೆ ಬೇಕಾದ್ದು ಆ ಇಳಿಜಾರೇ ಅನ್ನುವುದು ಇದರ ವಿಪರ್ಯಾಸ.

ಸಿಮ್ಯುಲೇಟರಿನಲ್ಲಿ ಇನ್ನೊಂದು ದೊಡ್ಡ ಕೊರತೆಯಿದೆ, ಅದು ಮೈ. ನಿಜವಾದ ಕಾರಿನಲ್ಲಿ ಹಿಂಬದಿ ಜಾರುವುದನ್ನು ಮೊದಲು ಹೇಳುವುದು ಕಣ್ಣಲ್ಲ. ಸೀಟಿಗೆ ಒತ್ತಿದ ಸೊಂಟ, ಬೆನ್ನು, ಒಳಕಿವಿಯ ಸಮತೋಲನದ ಅಂಗ ಇವು ಹೇಳುತ್ತವೆ. ಮನೆಯ ಕುರ್ಚಿ ಅಲ್ಲಾಡುವುದಿಲ್ಲ. ಪರದೆಯಲ್ಲಿ ದಾರಿ ಓರೆಯಾಗುವುದು ಕಂಡು, ಕೈಯಲ್ಲಿ ಸ್ಟೀರಿಂಗಿನ ಎಳೆತ ಬದಲಾಗುವುದು ಗೊತ್ತಾಗಿ, ಆಮೇಲೆ ತಿದ್ದಬೇಕು. ಅಷ್ಟರಲ್ಲಿ ಒಳ್ಳೆಯ ಸಮಯ ಕಳೆದಿರುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ರಸ್ತೆಯಲ್ಲಿ ಚೆನ್ನಾಗಿ ಓಡಿಸುವವರು ಮೊದಲ ಸಲ ಸಿಮ್ಯುಲೇಟರ್ ಹಿಡಿದು ಮತ್ತೆ ಮತ್ತೆ ಸುತ್ತಿ ನಿಲ್ಲುವುದು ಇದರಿಂದ.

ಸಲಕರಣೆಯೂ ಇದರಲ್ಲಿ ಪಾಲುದಾರ. ಅಗ್ಗದ, ಗಿಯರ್ ಇರುವ ಸ್ಟೀರಿಂಗುಗಳು ಕೊಡುವ ಬಲ ಸುಮಾರು 2 ನ್ಯೂಟನ್ ಮೀಟರ್. ಹಿಂಬದಿ ಜಾರಿದಾಗ ನಿಜವಾದ ಸ್ಟೀರಿಂಗ್ ತಾನೇ ಗಿರ್ರನೆ ತಿರುಗುವಂತೆ ಇವು ತಿರುಗಲಾರವು, ಮೋಟರಿಗೆ ಅಷ್ಟು ಚುರುಕಿಲ್ಲ. ಮೋಟರಿನ ದಂಡಕ್ಕೇ ಸ್ಟೀರಿಂಗ್ ಕೂರಿಸಿದ ಡೈರೆಕ್ಟ್ ಡ್ರೈವ್ ಮಾದರಿಗಳು ತಿರುಗುತ್ತವೆ, ಬೆಲೆಯೂ ಹಾಗೇ ಏರುತ್ತದೆ. ದುಡ್ಡಿಲ್ಲದೆ ಆಗುವ ಸುಧಾರಣೆ ಒಂದಿದೆ: ಪರದೆಯಲ್ಲಿ ಕಾಣುವ ನೋಟದ ಕೋನವನ್ನು ಸರಿಮಾಡುವುದು. ಚಿಕ್ಕ ಪರದೆಯಲ್ಲಿ ಅಗಲವಾದ ನೋಟ ತುರುಕಿದರೆ ಎಲ್ಲವೂ ಕುಗ್ಗಿ, ಗಾಡಿ ಐದು ಡಿಗ್ರಿ ಓರೆಯಾದದ್ದು ಕಣ್ಣಿಗೆ ಬೀಳುವುದೇ ಇಲ್ಲ. ಪರದೆಯ ಅಳತೆ, ಕಣ್ಣಿಗೂ ಅದಕ್ಕೂ ಇರುವ ದೂರ ಎರಡನ್ನೂ ಲೆಕ್ಕ ಹಾಕಿ ಕೋನ ಇಟ್ಟುಕೊಂಡರೆ ಅಕ್ಕಪಕ್ಕದ ನೋಟ ಕಡಿಮೆಯಾಗುತ್ತದೆ, ಆದರೆ ಜಾರಿಕೆ ಬೇಗ ಕಾಣುತ್ತದೆ. ಸಾವಿರಾರು ರೂಪಾಯಿಯ ಪೆಡಲ್ ಕೊಂಡು ಇದೊಂದನ್ನು ಮುಟ್ಟದವರನ್ನು ಕಂಡರೆ ನನಗೆ ಕನಿಕರ.

ಇಷ್ಟೆಲ್ಲ ಕೊರತೆಯಿದ್ದೂ ಇದು ಕೆಲಸಕ್ಕೆ ಬರುತ್ತದೆಯೇ? ಬರುತ್ತದೆ. ನಿಸಾನ್ ಮತ್ತು ಸೋನಿ 2008ರಲ್ಲಿ ಶುರುಮಾಡಿದ ಜಿಟಿ ಅಕಾಡೆಮಿ, ಆಟದಲ್ಲಿ ಗೆದ್ದವರನ್ನು ರೇಸ್ ಕಾರಿಗೆ ಕೂರಿಸಿತು. ಅದರ ಮೊದಲ ವಿಜೇತ ಸ್ಪೇನಿನ ಲೂಕಾಸ್ ಒರ್ಡೊನೆಜ್ 2011ರ ಲೆ ಮಾನ್ಸ್ 24 ತಾಸಿನ ರೇಸಿನಲ್ಲಿ ತಮ್ಮ ವರ್ಗದ ಎರಡನೇ ಸ್ಥಾನ ಪಡೆದ ತಂಡದಲ್ಲಿದ್ದರು. ಜೇಮ್ಸ್ ಬಾಲ್ಡ್‌ವಿನ್ ಸಿಮ್ ರೇಸಿಂಗ್ ಸ್ಪರ್ಧೆ ಗೆದ್ದು 2020ರ ಬ್ರಿಟಿಷ್ ಜಿಟಿಗೆ ಬಂದವರು, ಔಲ್ಟನ್ ಪಾರ್ಕ್‌ನ ಮೊದಲ ಸುತ್ತಿನಲ್ಲೇ ಜೊತೆಗಾರನೊಂದಿಗೆ ಗೆದ್ದರು. ವರ್ಸ್ಟಾಪೆನ್ ಸ್ವತಃ ಸಿಮ್ ರೇಸಿಂಗ್ ಹುಚ್ಚಿನವರು. 2025ರ ಸೆಪ್ಟೆಂಬರಿನಲ್ಲಿ ಅವರು ಜರ್ಮನಿಯ ನೂರ್ಬರ್ಗ್‌ರಿಂಗ್‌ನಲ್ಲಿ ಫೆರಾರಿ ಓಡಿಸಿ ಗೆದ್ದಾಗ ಜೊತೆಗಿದ್ದ ಕ್ರಿಸ್ ಲಲ್ಹಮ್ ಸಿಮ್ಯುಲೇಟರಿನಿಂದಲೇ ಹೆಸರು ಮಾಡಿ ಟ್ರ್ಯಾಕಿಗೆ ಇಳಿದವರು. ಮೈಯ ಸುಳಿವಿಲ್ಲದೆ ಬರೀ ಕಣ್ಣು, ಕೈಗಳಿಂದ ಜಾರಿಕೆ ಗುರುತಿಸಲು ಪಳಗಿದವರಿಗೆ ನಿಜವಾದ ಕಾರಿನಲ್ಲಿ ಇನ್ನೊಂದು ಇಂದ್ರಿಯ ಸೇರುತ್ತದೆ. ಜೊತೆಗೆ ಸಿಮ್ಯುಲೇಟರ್ ಎಂದೂ ಕಲಿಸದ ಭಯವೂ ಸೇರುತ್ತದೆ, ಅದು ಬೇರೆ ವಿಷಯ.

ಹಾಗಿದ್ದರೆ ಎಲ್ಲ ಚಾಲಕರಿಗೂ ಜಾರಿಕೆ ತರಬೇತಿ ಕೊಡಿಸಿಬಿಟ್ಟರೆ? ನಾರ್ವೆ ಹಾಗೇ ಯೋಚಿಸಿತು. ಹಿಮ ಬೀಳುವ ದೇಶ, ಜಾರುವ ರಸ್ತೆ, ಹೊಸ ಚಾಲಕರಿಗೆ ಜಾರುವ ಅಂಕಣದಲ್ಲಿ ಕಡ್ಡಾಯ ಅಭ್ಯಾಸ. ಇದು 1979ರಲ್ಲಿ ಶುರುವಾಯಿತು. ಆ ಬಳಿಕ ನಡೆದ ಅಧ್ಯಯನದಲ್ಲಿ, ತರಬೇತಿ ಪಡೆದ ಯುವಕರ ಅಪಘಾತಗಳು ಕಡಿಮೆಯಾಗುವ ಬದಲು ಹೆಚ್ಚಾದದ್ದು ಕಂಡುಬಂತು. ಗಾಡಿ ಜಾರಿದರೆ ಹಿಡಿಯಬಲ್ಲೆ ಎಂದು ನಂಬಿದವನು ಜಾರುವಷ್ಟು ಜೋರಾಗಿ ಹೋಗುತ್ತಾನೆ. ನಾರ್ಡಿಕ್ ದೇಶಗಳು ಬಳಿಕ ಪಾಠದ ಒತ್ತನ್ನೇ ಬದಲಿಸಿದವು: ಹಿಡಿಯುವುದು ಹೇಗೆ ಅನ್ನುವುದಕ್ಕಿಂತ, ಹಿಡಿಯಲು ಎಷ್ಟು ಕಷ್ಟ ಅನ್ನುವುದನ್ನು ಅನುಭವಕ್ಕೆ ತಂದುಕೊಡುವುದು. ಆರ್‌ಟಿಒ ಮೈದಾನದಲ್ಲಿ ಮೊದಲ ಗಿಯರಿನಲ್ಲಿ ಗಾಡಿ ಹಿಂದೆ ಮುಂದೆ ಮಾಡಿ ಲೈಸೆನ್ಸ್ ಪಡೆದ ನಮಗೆ ಇವೆರಡೂ ದೂರದ ಮಾತು. ಆದರೂ ರಾತ್ರಿ ಹೊತ್ತು ಖಾಲಿ ರಿಂಗ್ ರೋಡಿನಲ್ಲಿ ಡ್ರಿಫ್ಟ್ ಮಾಡಿ ರೀಲ್ಸ್ ಹಾಕುವ ಹುಡುಗರನ್ನು ನೋಡಿದಾಗ ನಾರ್ವೆಯ ಈ ಕಥೆ ನೆನಪಾಗುತ್ತದೆ.

ಜಾರುವುದೇ ಕ್ರಮವಾದ ಜಾಗಗಳೂ ಇವೆ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ರ್‍ಯಾಲಿಗಳಲ್ಲಿ ಸಡಿಲ ಕೆಂಪು ಮಣ್ಣಿನ ಮೇಲೆ ಗಾಡಿಯನ್ನು ನೆಟ್ಟಗೆ ತಿರುಗಿಸಲು ಹೊರಟರೆ ಅದು ನೆಟ್ಟಗೆ ಪೊದೆಗೆ ಹೋಗುತ್ತದೆ. ತಿರುವಿಗೆ ಮೊದಲೇ ಗಾಡಿಯನ್ನು ಎದುರು ದಿಕ್ಕಿಗೆ ತುಸು ಒಲೆದು, ಆ ಒಲೆತದ ಮರುಬೀಸಿನಲ್ಲಿ ಹಿಂಬದಿಯನ್ನು ಹೊರಗೆ ಕಳಿಸಿ, ಮೂಗು ತಿರುವಿನ ಆಚೆ ಬಾಯಿಗೆ ಮುಖ ಮಾಡಿದಾಗ ಆಕ್ಸಿಲರೇಟರ್ ಒತ್ತುತ್ತಾರೆ. ಸ್ಕ್ಯಾಂಡಿನೇವಿಯದ ರ್‍ಯಾಲಿ ಚಾಲಕರಿಂದ ಬಂದ ಪಟ್ಟು ಇದು. ಸಾಮಾನ್ಯ ಚಾಲಕನನ್ನು ಕೆಡವುವ ಆ ಎರಡನೇ ಬೀಸನ್ನೇ ಅವರು ಬೇಕೆಂದು ಹುಟ್ಟಿಸಿ ಕೆಲಸಕ್ಕೆ ಹಚ್ಚುತ್ತಾರೆ. ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್ ಪಟ್ಟವನ್ನು 2013, 2016, 2017ರಲ್ಲಿ ಗೆದ್ದ ಗೌರವ್ ಗಿಲ್ ಈ ತೋಟಗಳ ನಡುವೆ ಓಡಿಸುವುದನ್ನು ನೋಡಿದವರಿಗೆ ಅದರ ಸೊಗಸು ಗೊತ್ತು. ಅಲ್ಲಿ ದಾರಿ ಮುಚ್ಚಿರುತ್ತದೆ, ಎದುರಿನಿಂದ ಬಸ್ಸು ಬರುವುದಿಲ್ಲ.

ಬಸ್ಸು ಬರುವ ರಸ್ತೆಯಲ್ಲಿ ಜಾರಿಕೆ ಹಿಡಿಯುವ ಕೆಲಸವನ್ನು ಈಗ ಬಹುಮಟ್ಟಿಗೆ ಯಂತ್ರವೇ ಮಾಡುತ್ತದೆ. ಬಾಷ್ ಮತ್ತು ಮರ್ಸಿಡಿಸ್ 1995ರಲ್ಲಿ ಎಸ್ ಕ್ಲಾಸ್ ಕಾರಿಗೆ ತಂದ ಸ್ಥಿರತಾ ನಿಯಂತ್ರಣ, ಅಂದರೆ ಇಎಸ್‌ಸಿ, ಬಾಷ್‌ನ ಆಂಟನ್ ವಾನ್ ಜಾಂಟೆನ್ ಅವರ ತಂಡದ ಕೂಸು. ಚಾಲಕ ಸ್ಟೀರಿಂಗನ್ನು ಎಷ್ಟು ತಿರುಗಿಸಿದ್ದಾನೆ, ಗಾಡಿ ನಿಜವಾಗಿ ಎಷ್ಟು ತಿರುಗುತ್ತಿದೆ ಅನ್ನುವ ಎರಡನ್ನೂ ಸೆಕೆಂಡಿಗೆ 25 ಸಲ ಹೋಲಿಸಿ, ವ್ಯತ್ಯಾಸ ಕಂಡರೆ ಒಂದೇ ಒಂದು ಚಕ್ರಕ್ಕೆ ಬ್ರೇಕ್ ಹಾಕುತ್ತದೆ. ಹಿಂಬದಿ ಜಾರಿದರೆ ಹೊರಬದಿಯ ಮುಂಚಕ್ರಕ್ಕೆ, ಮುಂಬದಿ ಜಾರಿದರೆ ಒಳಬದಿಯ ಹಿಂಚಕ್ರಕ್ಕೆ. ಒಂದೇ ಪೆಡಲ್ ಇರುವ ಮನುಷ್ಯ ಎಷ್ಟೇ ನುರಿತರೂ ಇದನ್ನು ಮಾಡಲಾರ. ದುಬಾರಿ ಕಾರಿನ ಈ ಸೌಕರ್ಯ ಚಿಕ್ಕ ಕಾರಿಗೆ ಇಳಿಯಲು ಒಂದು ಅವಮಾನ ಬೇಕಾಯಿತು. 1997ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ವಾಹನ ಪತ್ರಿಕೆಯೊಂದು, ರಸ್ತೆಗೆ ಅಡ್ಡ ಬಂದ ಕಡವೆಯಂಥ ಪ್ರಾಣಿಯನ್ನು ತಪ್ಪಿಸುವ ಪರೀಕ್ಷೆಯಲ್ಲಿ ಹೊಚ್ಚಹೊಸ ಮರ್ಸಿಡಿಸ್ ಎ ಕ್ಲಾಸ್ ಕಾರನ್ನು ಮಗುಚಿ ಕೆಡವಿತು. ಕಂಪನಿ ಕಾರುಗಳನ್ನು ವಾಪಸ್ ಕರೆಸಿ, ಎಲ್ಲಕ್ಕೂ ಇಎಸ್‌ಸಿ ಹಾಕಿಕೊಟ್ಟಿತು. ಅಮೆರಿಕದ ಅಧ್ಯಯನಗಳು ಒಂಟಿ ಕಾರುಗಳ ಮಾರಣಾಂತಿಕ ಅಪಘಾತಗಳನ್ನು ಈ ವ್ಯವಸ್ಥೆ ಸುಮಾರು ಅರ್ಧಕ್ಕೆ ಇಳಿಸುವುದನ್ನು ಕಂಡವು. ನಮ್ಮಲ್ಲಿ 2019ರಿಂದ ಹೊಸ ಕಾರುಗಳಿಗೆಲ್ಲ, ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಕಡ್ಡಾಯ. 2023ರಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 3 ಸ್ಟಾರ್ ಅಥವಾ ಮೇಲಿನದು ಬೇಕಿದ್ದರೆ ಇಎಸ್‌ಸಿಯೂ ಇರಬೇಕು. ಕಾರು ಕೊಳ್ಳುವಾಗ ಸನ್‌ರೂಫ್ ಕೇಳುವ ಮೊದಲು ಇದನ್ನು ಕೇಳುವುದು ಒಳ್ಳೆಯದು.

ಯಂತ್ರ ಹಿಡಿತವನ್ನು ಹಂಚಬಲ್ಲದು, ಹುಟ್ಟಿಸಲಾರದು. ಟೈರಿನ ಗೆರೆಗಳು ಸವೆದು 1.6 ಮಿಲಿಮೀಟರಿಗೆ ಬಂದರೆ ಕಾನೂನಿನ ಪ್ರಕಾರವೇ ಅದು ಮುಗಿದಂತೆ. ನೀರು ನಿಂತ ರಸ್ತೆಯಲ್ಲಿ ಟೈರು ತೇಲಲು ಶುರುಮಾಡುವ ವೇಗ ಅದರೊಳಗಿನ ಗಾಳಿಯನ್ನು ಅವಲಂಬಿಸಿದೆ ಅನ್ನುವುದನ್ನು ನಾಸಾದ ವಿಜ್ಞಾನಿಗಳು ವಿಮಾನದ ಟೈರುಗಳ ಮೇಲೆ 1960ರ ದಶಕದಲ್ಲೇ ತೋರಿಸಿದ್ದರು. ಅವರ ಸೂತ್ರದಲ್ಲಿ 32 ಪಿಎಸ್‌ಐ ಗಾಳಿಗೆ ಬರುವ ಉತ್ತರ ಗಂಟೆಗೆ ಸುಮಾರು 94 ಕಿ.ಮೀ. ಗಾಳಿ ಕಡಿಮೆಯಿದ್ದರೆ, ಟೈರು ಸವೆದಿದ್ದರೆ ಇನ್ನೂ ಮೊದಲೇ. ತೇಲುವ ಟೈರಿಗೆ ಯಾವ ಬ್ರೇಕ್ ಹಾಕಿ ಏನು ಫಲ?

ಸಿಮ್ಯುಲೇಟರ್ ಇರುವವರು ಕೈ ವಾಪಸ್ ತರುವುದನ್ನು ಕಲಿಯಲು ರೇಸ್ ಓಡಿಸಬೇಕಿಲ್ಲ. ಹಿಂಚಕ್ರಕ್ಕೆ ಬಲ ಹೋಗುವ, ಹೆಚ್ಚು ಶಕ್ತಿಯಿಲ್ಲದ ಒಂದು ಕಾರು, ಉದಾಹರಣೆಗೆ ಮಾಜ್ದಾ ಎಂಎಕ್ಸ್ 5, ಮತ್ತು ಒಂದು ಖಾಲಿ ಬಯಲು ಸಾಕು. ಎರಡನೇ ಗಿಯರಿನಲ್ಲಿ ಸುತ್ತು ಹಾಕುತ್ತಾ ಆಕ್ಸಿಲರೇಟರ್ ಒತ್ತಿ ಹಿಂಬದಿಯನ್ನು ಜಾರಿಸಿ. ಅದನ್ನು ಹಾಗೇ ಉಳಿಸಿಕೊಳ್ಳಲು ಹೋಗಬೇಡಿ, ಒಂದೇ ಬೀಸಿನಲ್ಲಿ ಗಾಡಿಯನ್ನು ನೇರ ಮಾಡಿ ನಿಲ್ಲಿಸಲು ನೋಡಿ. ಎರಡನೇ ಬೀಸು ಬಂದರೆ ಕೈ ತಡವಾಯಿತು ಅಂತ ಲೆಕ್ಕ. ಕಾಲನ್ನೂ ಥಟ್ಟನೆ ಎತ್ತಬಾರದು, ಒತ್ತಿದ್ದಕ್ಕಿಂತ ನಿಧಾನವಾಗಿ ಬಿಡಬೇಕು. ಒಂದು ಬದಿ ಬಂದ ಮೇಲೆ ಇನ್ನೊಂದು ಬದಿ, ಆಮೇಲೆ ಎಂಟರ ಆಕಾರ. ಬಹಳ ಜನರಿಗೆ ಒಂದು ಬದಿ ಬೇಗ ಕೂಡಿಬರುತ್ತದೆ, ಇನ್ನೊಂದು ಸತಾಯಿಸುತ್ತದೆ.

ಇದೆಲ್ಲ ಮಾಡಿದ ಮೇಲೂ ಕೆಲವು ಜಾರಿಕೆಗಳು ಹಿಡಿಯಲು ಆಗದವು. ಗಾಡಿ ಅಡ್ಡವನ್ನೂ ದಾಟಿ ಹಿಂದುಮುಂದಾಗಿ ಸುತ್ತಲು ಹೊರಟಾಗ ಸ್ಟೀರಿಂಗ್ ಜೊತೆ ಗುದ್ದಾಡುವುದು ಅಪಾಯ, ನಡುವೆ ಎಲ್ಲೋ ಟೈರು ನೆಲ ಕಚ್ಚಿದರೆ ಗಾಡಿ ಯಾವ ದಿಕ್ಕಿಗೆ ಚಿಮ್ಮುತ್ತದೋ ಗೊತ್ತಿಲ್ಲ. ಆಗ ರೇಸ್ ಚಾಲಕರು ಮಾಡುವುದು ಒಂದೇ: ಕ್ಲಚ್ಚು, ಬ್ರೇಕು ಎರಡನ್ನೂ ತಳಕ್ಕೆ ಒತ್ತಿ ಕೂರುವುದು. ಚಕ್ರಗಳು ಕಚ್ಚಿಕೊಂಡ ಗಾಡಿ ಸುತ್ತುತ್ತಲೇ ಒಂದು ಗೆರೆ ಹಿಡಿದು ಜಾರುತ್ತದೆ. ಹಿಂದೆ ಬರುವವರಿಗೆ ಅದು ಎಲ್ಲಿಗೆ ಹೋಗುತ್ತದೆ ಅನ್ನುವ ಅಂದಾಜು ಸಿಗುತ್ತದೆ, ಎಂಜಿನ್ನೂ ಆರುವುದಿಲ್ಲ. ಎಬಿಎಸ್ ಇರುವ ರಸ್ತೆ ಕಾರಿನಲ್ಲಿ ಚಕ್ರ ಕಚ್ಚಿಕೊಳ್ಳದಿದ್ದರೂ ವೇಗವಂತೂ ಬೇಗ ಇಳಿಯುತ್ತದೆ. ಗಾಡಿ ನಿಂತ ಮೇಲೂ ಬ್ರೇಕಿನ ಕಾಲು ತೆಗೆಯಬಾರದು, ಇಳಿಜಾರಿನಲ್ಲಿ ಅದು ನಿಧಾನಕ್ಕೆ ರಸ್ತೆಯ ನಡುವಿಗೇ ಉರುಳಬಹುದು. ಗಾಡಿ ಯಾವ ಕಡೆಗೆ ಮುಖ ಮಾಡಿ ನಿಂತಿದೆ ಅನ್ನುವುದನ್ನು ಮೊದಲು ನೋಡಿ, ಎದುರಿನಿಂದಲೂ ಹಿಂದಿನಿಂದಲೂ ಯಾರೂ ಬರುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಗಿಯರ್ ಹಾಕಬೇಕು.